ವಾಹನದ ಬ್ಯಾಟರಿಯ ಮುಪ್ಪು ಮತ್ತು ಅದರ ಆರೈಕೆ

ಹೊಟೇಲು ಉದ್ಯಮವು ಇಂದು ಕೇವಲ ಒಲೆಯನ್ನೂ ಕಾವಲಿಯನ್ನೂ ನಂಬಿ ನಡೆಯುತ್ತಿಲ್ಲ. ನಸುಕಿನಲ್ಲಿ ಮಾರುಕಟ್ಟೆಯಿಂದ ಕಾಯಿಪಲ್ಯ ತರುವ ಸಣ್ಣ ವ್ಯಾನು, ಮನೆಮನೆಗೂ ಕಚೇರಿಗಳಿಗೂ ತಿಂಡಿಯ ಪೊಟ್ಟಣಗಳನ್ನು ಮುಟ್ಟಿಸುವ ಸ್ಕೂಟರು, ಇವು ಅಡುಗೆಯ ಭಟ್ಟರಷ್ಟೇ ಅವಶ್ಯಕವಾಗಿಬಿಟ್ಟಿವೆ. ಡೊಂಬಿವಲಿಯಲ್ಲಿಯೋ ಮೀರಾ ರೋಡಿನಲ್ಲಿಯೋ ಬಿಡಾರ ಮಾಡಿಕೊಂಡು ಫೋರ್ಟಿನ ಕಚೇರಿಗೆ ಹೋಗಿಬರುವ ಗುಮಾಸ್ತನೂ ರೈಲು ನಿಲ್ದಾಣದವರೆಗೆ ಸ್ಕೂಟರನ್ನೇ ಅವಲಂಬಿಸಿದ್ದಾನೆ. ಈ ಎಲ್ಲ ವಾಹನಗಳ ಚಲನೆಯೂ ಅವುಗಳ ಮೂಲೆಯಲ್ಲಿ ಕುಳಿತಿರುವ ಒಂದು ಪೆಟ್ಟಿಗೆಯ ಅಧೀನವಾಗಿದೆ. ಅದೇ ಬ್ಯಾಟರಿ.

ಬ್ಯಾಟರಿಯು ಕೈಕೊಟ್ಟ ದಿನ ವಾಹನವು ಮಾತ್ರವಲ್ಲ, ಆ ದಿನದ ಸಂಪಾದನೆಯೂ ನಿಂತುಹೋಗುತ್ತದೆ. ಸಣ್ಣ ಕಾರಿಗೆ ಹೊಸ ಬ್ಯಾಟರಿ ಕೊಳ್ಳಬೇಕಾದರೆ ಸಾಧಾರಣವಾಗಿ ನಾಲ್ಕೈದು ಸಾವಿರ ರೂಪಾಯಿ ಬೇಕು. ತಿಂಗಳ ಪಗಾರದಿಂದ ಊರಿಗೆ ಹಣ ಕಳುಹಿಸಿ, ಕೋಣೆಯ ಬಾಡಿಗೆ ಕೊಟ್ಟು, ಮಿಕ್ಕುದರಲ್ಲಿ ದಿನ ಕಳೆಯುವವನಿಗೆ ಇದು ಸಣ್ಣ ಮೊತ್ತವಲ್ಲ. ಇಂತಹ ಹೊತ್ತಿನಲ್ಲಿ ಅವನ ಕಿವಿಗೆ ಎರಡು ಬಗೆಯ ಮಾತುಗಳು ಬೀಳುತ್ತವೆ. "ಇದು ಸತ್ತಿದೆ, ಹೊಸದನ್ನೇ ಹಾಕಿಸಿರಿ" ಎಂಬುದು ಮಾರುವವನ ಮಾತು. "ಸ್ಮಾರ್ಟ್ ಚಾರ್ಜರು ತಂದರೆ ಸತ್ತ ಬ್ಯಾಟರಿಯೂ ಎದ್ದು ಕೂಡುತ್ತದೆ" ಎಂಬುದು ಬಲ್ಲವನೆಂದು ಹೇಳಿಕೊಳ್ಳುವ ಗೆಳೆಯನ ಮಾತು. ಈ ಎರಡರಲ್ಲಿ ಯಾವುದೂ ಪೂರ್ಣ ಸತ್ಯವಲ್ಲ. ಹಸಿವಿನಿಂದ ಬಳಲಿದ ಬ್ಯಾಟರಿಯನ್ನು ಎಬ್ಬಿಸಬಹುದು. ಆಯುಷ್ಯ ತೀರಿದ ಬ್ಯಾಟರಿಯನ್ನು ಯಾರೂ ಎಬ್ಬಿಸಲಾರರು. ಇವೆರಡರ ಭೇದವನ್ನು ಅರಿತುಕೊಂಡರೆ ಅನಾವಶ್ಯಕ ವೆಚ್ಚವೂ ತಪ್ಪುತ್ತದೆ, ಹುಸಿ ಆಸೆಯೂ ತಪ್ಪುತ್ತದೆ. ಆ ಅರಿವನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆಯ ಒಳಗೇನಿದೆ?

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಮೊದಲು ನಿರ್ಮಿಸಿದವನು ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ. ಅದು ೧೮೫೯ರ ಮಾತು. ೧೮೮೧ರಲ್ಲಿ ಅದೇ ದೇಶದ ಕಮಿಲ್ ಫೋರ್ ಎಂಬವನು ಸೀಸದ ಫಲಕಗಳ ಮೇಲೆ ಸೀಸದ ಸಂಯುಕ್ತದ ಹಿಟ್ಟನ್ನು ಲೇಪಿಸಿ ಅದರ ಶಕ್ತಿಯನ್ನು ಹೆಚ್ಚಿಸಿದನು. ೧೯೧೨ರಲ್ಲಿ ಅಮೆರಿಕೆಯ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ತಿನಿಂದ ಚಾಲನೆ ಕೊಡುವ ಏರ್ಪಾಟು ಬಂದ ಬಳಿಕ, ಕೈಯಿಂದ ಹ್ಯಾಂಡಲು ತಿರುಗಿಸಿ ಇಂಜಿನನ್ನು ಎಬ್ಬಿಸುವ ಕಷ್ಟವು ಕ್ರಮೇಣ ಮರೆಯಾಯಿತು. ಅಂದಿನಿಂದ ಬ್ಯಾಟರಿಯು ವಾಹನದ ಅವಿಭಾಜ್ಯ ಅಂಗವಾಯಿತು. ನೂರಾರು ಸುಧಾರಣೆಗಳಾಗಿದ್ದರೂ ಅದರ ಮೂಲತತ್ವವು ಪ್ಲಾಂಟೆಯ ಕಾಲದ್ದೇ ಆಗಿದೆ.

ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪ್ರತಿ ಕೋಶವೂ ಸುಮಾರು ೨.೧ ವೋಲ್ಟು ಕೊಡುತ್ತದೆ. ಕೋಶದಲ್ಲಿ ಎರಡು ಬಗೆಯ ಫಲಕಗಳು: ಧನ ಫಲಕದ ಮೇಲೆ ಕಂದುಬಣ್ಣದ ಸೀಸದ ಡೈಆಕ್ಸೈಡು, ಋಣ ಫಲಕದ ಮೇಲೆ ಸ್ಪಂಜಿನಂತಹ ಶುದ್ಧ ಸೀಸ. ಇವೆರಡೂ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯಿಂದ ವಿದ್ಯುತ್ತನ್ನು ತೆಗೆದಾಗ ಆಮ್ಲವು ಫಲಕಗಳೊಡನೆ ಸೇರಿ ಎರಡೂ ಕಡೆ ಸೀಸದ ಸಲ್ಫೇಟಾಗುತ್ತದೆ, ದ್ರವವು ನೀರುನೀರಾಗುತ್ತದೆ. ಚಾರ್ಜು ಮಾಡಿದಾಗ ಇದೇ ಕ್ರಿಯೆಯು ಹಿಂದುಮುಂದಾಗಿ ನಡೆದು, ಸಲ್ಫೇಟು ಕರಗಿ, ಆಮ್ಲವು ದ್ರವಕ್ಕೆ ಮರಳುತ್ತದೆ. ಹೀಗೆ ಕೊಡುಕೊಳ್ಳುವಿಕೆ ಸರಿಯಾಗಿ ನಡೆಯುತ್ತಿರುವವರೆಗೆ ಬ್ಯಾಟರಿಯು ಆರೋಗ್ಯದಿಂದಿರುತ್ತದೆ.

ಮುಪ್ಪಿಗೆ ಎರಡು ಬಗೆ

ಹೊಸದಾಗಿ ಹುಟ್ಟಿದ ಸಲ್ಫೇಟು ಅತಿ ಸೂಕ್ಷ್ಮ ಹರಳುಗಳ ರೂಪದಲ್ಲಿರುತ್ತದೆ, ಸುಲಭವಾಗಿ ಕರಗುತ್ತದೆ. ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಈ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡವಾಗಿ ಗಟ್ಟಿಯಾಗುತ್ತವೆ. ದೋಸೆಯ ಕಾವಲಿಯನ್ನು ಅಂದಂದೇ ಒರೆಸಿದರೆ ಹಿಟ್ಟಿನ ಕಲೆ ಸಲೀಸಾಗಿ ಹೋಗುತ್ತದೆ. ನಾಲ್ಕು ದಿನ ಹಾಗೆಯೇ ಬಿಟ್ಟರೆ ಕೆತ್ತಿದರೂ ಹೋಗದು. ಸಲ್ಫೇಟಿನ ಸ್ವಭಾವವೂ ಹಾಗೆಯೇ. ಗಟ್ಟಿಯಾದ ಹರಳುಗಳು ಫಲಕದ ಮೈಯನ್ನು ಮುಚ್ಚಿ ವಿದ್ಯುತ್ತಿನ ದಾರಿಯನ್ನು ಕಟ್ಟಿಹಾಕುತ್ತವೆ. ಇದನ್ನು ಸಲ್ಫೇಷನ್ ಎನ್ನುತ್ತಾರೆ. ಆರಂಭದ ಹಂತದಲ್ಲಿ ಈ ರೋಗವು ಸಾಧ್ಯರೋಗವೇ ಸರಿ. ಮೆಲ್ಲಗೆ, ದೀರ್ಘಕಾಲ ಚಾರ್ಜು ಮಾಡಿದರೆ ಬಹುಪಾಲು ಹರಳುಗಳು ಮತ್ತೆ ಕರಗುತ್ತವೆ.

ಎರಡನೆಯ ಬಗೆಯ ಮುಪ್ಪು ಬೇರೆ. ಧನ ಫಲಕದ ಸೀಸದ ಜಾಲರಿಯು ಕಾಲಕ್ರಮದಲ್ಲಿ ಸವೆದು ತುಂಡಾಗುತ್ತದೆ. ಫಲಕಕ್ಕೆ ಲೇಪಿಸಿದ ಪದಾರ್ಥವು ಉದುರಿ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಆ ಕೆಸರು ಎರಡು ಫಲಕಗಳನ್ನು ಮುಟ್ಟಿಸಿತೆಂದರೆ ಆ ಕೋಶವೇ ಸತ್ತುಹೋಗುತ್ತದೆ. ಇದಕ್ಕೆ ಯಾವ ಚಾರ್ಜರಿನಲ್ಲಿಯೂ ಮದ್ದಿಲ್ಲ. ಉಷ್ಣತೆಯು ಈ ಸವೆತವನ್ನು ಬೇಗಗೊಳಿಸುತ್ತದೆ. ತಾಪಮಾನವು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಬ್ಯಾಟರಿಯ ಆಯುಷ್ಯವು ಸುಮಾರಾಗಿ ಅರ್ಧಕ್ಕಿಳಿಯುತ್ತದೆಂಬುದು ಈ ಕ್ಷೇತ್ರದವರ ರೂಢಿಯ ಲೆಕ್ಕ. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ವಾಹನದ ಬ್ಯಾಟರಿಗೆ ಬೇಗನೆ ಮುಪ್ಪು ಬರುವುದಕ್ಕೆ ಇದೇ ಕಾರಣ. ದಿಲ್ಲಿಯಲ್ಲಾದರೋ ಬೇಸಿಗೆಯಲ್ಲಿ ಹೀಗೆ ಬಳಲಿದ ಬ್ಯಾಟರಿಯ ಗುಟ್ಟು ಜನವರಿಯ ಚಳಿಯಲ್ಲಿ ಬಯಲಾಗುತ್ತದೆ. ಚಳಿಯಲ್ಲಿ ಇಂಜಿನ್ನು ಹೆಚ್ಚು ಶಕ್ತಿಯನ್ನು ಬೇಡುತ್ತದೆ, ಬ್ಯಾಟರಿಯು ಕಡಿಮೆ ಕೊಡುತ್ತದೆ.

ನಗರದ ಓಡಾಟವೇ ಹಸಿವಿಗೆ ಕಾರಣ

"ವಾಹನವು ಓಡುತ್ತಿರುವಾಗ ಬ್ಯಾಟರಿಯು ತಾನಾಗಿಯೇ ಚಾರ್ಜಾಗುವುದಿಲ್ಲವೇ? ಹಾಗಿರುವಾಗ ಹಸಿವೆಲ್ಲಿಂದ ಬಂತು?" ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಬ್ಯಾಟರಿಯ ಮೊದಲ ಮುಕ್ಕಾಲು ಭಾಗವು ಬೇಗನೆ ತುಂಬುತ್ತದೆ, ಕೊನೆಯ ಕಾಲು ಭಾಗವು ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ. ಮನೆಯಿಂದ ನಿಲ್ದಾಣಕ್ಕೆ ಎರಡು ಮೈಲಿ, ಅಂಗಡಿಯಿಂದ ಅಂಗಡಿಗೆ ಅರ್ಧ ಮೈಲಿ, ನಡುವೆ ಹತ್ತು ಕಡೆ ನಿಲುಗಡೆ, ಪ್ರತಿ ಸಲವೂ ಸೆಲ್ಫ್ ಗುಂಡಿಯನ್ನು ಒತ್ತುವುದು, ಮೇಲೆ ದೀಪ ಮತ್ತು ಹಾರನ್ನು. ಇಂತಹ ದಿನಚರಿಯಲ್ಲಿ ಆ ಕೊನೆಯ ಭಾಗವು ತುಂಬುವ ಅವಕಾಶವೇ ಬರುವುದಿಲ್ಲ. ದಿನವೂ ಮುಕ್ಕಾಲು ಹೊಟ್ಟೆಯಲ್ಲಿ ಮಲಗುವ ಬ್ಯಾಟರಿಯಲ್ಲಿ ಹರಳುಗಳು ಬೆಳೆಯತೊಡಗುತ್ತವೆ.

ನಿಂತ ವಾಹನಕ್ಕೂ ಬಿಡುಗಡೆಯಿಲ್ಲ. ಇಂದಿನ ಕಾರಿನಲ್ಲಿ ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ನಿಯಂತ್ರಣದ ಸಣ್ಣ ಕಂಪ್ಯೂಟರು ಮೊದಲಾದವು ನಿಂತಲ್ಲಿಯೇ ವಿದ್ಯುತ್ತನ್ನು ಹೀರುತ್ತಿರುತ್ತವೆ. ಈ ಹೀರಿಕೆಯು ೩೦ ಮಿಲಿ ಆಂಪಿಯರು ಮಾತ್ರವೆಂದು ಹಿಡಿದರೂ ದಿನಕ್ಕೆ ೦.೭೨ ಆಂಪಿಯರ್-ಗಂಟೆ, ತಿಂಗಳಿಗೆ ಸುಮಾರು ೨೧ ಆಂಪಿಯರ್-ಗಂಟೆಯಾಗುತ್ತದೆ. ಸಣ್ಣ ಕಾರಿನ ೩೫ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಒಂದೇ ತಿಂಗಳಲ್ಲಿ ಮಾಯವಾಗುತ್ತದೆ. ೨೦೨೦ರ ಮಾರ್ಚ್ ೨೫ರಂದು ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ ತಿಂಗಳುಗಟ್ಟಲೆ ನಿಂತ ವಾಹನಗಳು ಮರಳಿ ಹೊರಡಲು ನಿರಾಕರಿಸಿದುದನ್ನು ಅನೇಕರು ಮರೆತಿರಲಾರರು. ಅವುಗಳಲ್ಲಿ ಎಷ್ಟೋ ಬ್ಯಾಟರಿಗಳು ಓಡಿ ಸವೆದವುಗಳಲ್ಲ, ಹಸಿದು ಬಿದ್ದವುಗಳು.

ಜಾಣ ಚಾರ್ಜರಿನ ಕಾರ್ಯ

ಹಿಂದಿನ ಕಾಲದ ಚಾರ್ಜರಿಗೆ ವಿವೇಕವಿರಲಿಲ್ಲ. ಬ್ಯಾಟರಿಯು ತುಂಬಿದ ಮೇಲೆಯೂ ಅದು ವಿದ್ಯುತ್ತನ್ನು ನೂಕುತ್ತಲೇ ಇರುತ್ತಿತ್ತು. ಒಳಗಿನ ನೀರು ಕುದಿಯುವಂತೆ ಗುಳ್ಳೆಯೆದ್ದು ಆವಿಯಾಗುತ್ತಿತ್ತು, ಫಲಕಗಳು ಕಾದು ಕೆಡುತ್ತಿದ್ದವು. ಯಾರಾದರೂ ಕಾವಲು ಕುಳಿತು ಸಮಯಕ್ಕೆ ಸರಿಯಾಗಿ ತಂತಿಯನ್ನು ಬಿಡಿಸಬೇಕಾಗಿತ್ತು. ಮಾರುಕಟ್ಟೆಯಲ್ಲಿ ಸ್ಮಾರ್ಟ್ ಚಾರ್ಜರು ಎಂದು ಕರೆಯುವ ಈಗಿನ ಯಂತ್ರವು ಆ ಕಾವಲಿನ ಕೆಲಸವನ್ನು ತಾನೇ ಮಾಡುತ್ತದೆ. ನಾವು ಇದನ್ನು ಜಾಣ ಚಾರ್ಜರು ಎನ್ನೋಣ.

ಅದರ ಕ್ರಮವನ್ನು ಚಾಳಿನ ನಲ್ಲಿಯ ಉದಾಹರಣೆಯಿಂದ ತಿಳಿಯಬಹುದು. ನೀರು ಬರುವ ಹೊತ್ತಿನಲ್ಲಿ ಗೃಹಿಣಿಯು ಬರಿದಾದ ಹಂಡೆಯನ್ನಿಟ್ಟು ಮೊದಲು ನಲ್ಲಿಯನ್ನು ಪೂರ್ತಿ ಬಿಡುತ್ತಾಳೆ. ಕಂಠದವರೆಗೆ ಬಂದಾಗ ಸಣ್ಣದು ಮಾಡುತ್ತಾಳೆ. ತುಂಬಿದ ಮೇಲೆ ಮುಚ್ಚುತ್ತಾಳೆ. ಜಾಣ ಚಾರ್ಜರಿನದೂ ಇದೇ ರೀತಿ. ಮೊದಲ ಹಂತದಲ್ಲಿ ಅದು ನಿಶ್ಚಿತವಾದ ಪ್ರವಾಹವನ್ನು ಬಿಡುತ್ತದೆ, ವೋಲ್ಟೇಜು ಮೆಲ್ಲಮೆಲ್ಲಗೆ ಏರಿ ಸುಮಾರು ೧೪.೪ಕ್ಕೆ ತಲುಪುತ್ತದೆ. ಎರಡನೆಯ ಹಂತದಲ್ಲಿ ವೋಲ್ಟೇಜನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ, ಪ್ರವಾಹವು ತಾನಾಗಿ ತಗ್ಗುತ್ತ ಬರುತ್ತದೆ. ಆ ಕೊನೆಯ ಕಾಲು ಭಾಗವು ತುಂಬುವುದು ಇಲ್ಲಿಯೇ. ಮೂರನೆಯ ಹಂತದಲ್ಲಿ ೧೩.೫ರ ಆಸುಪಾಸಿಗೆ ಇಳಿದು, ಸೋರಿಹೋದಷ್ಟನ್ನು ಮಾತ್ರ ತುಂಬುತ್ತ ಕಾಯುತ್ತದೆ. ಉತ್ತಮ ಚಾರ್ಜರುಗಳು ಸುತ್ತಲಿನ ಸೆಕೆಯನ್ನು ಅಳೆದು ಬೇಸಿಗೆಯಲ್ಲಿ ವೋಲ್ಟೇಜನ್ನು ಸ್ವಲ್ಪ ಇಳಿಸುತ್ತವೆ.

ಕೆಲವು ಚಾರ್ಜರುಗಳಲ್ಲಿ ಇನ್ನೊಂದು ಹಂತವುಂಟು. ಹರಳುಗಳನ್ನು ಒಡೆಯಲು ಕ್ಷಣಕ್ಷಣಕ್ಕೂ ವಿದ್ಯುತ್ತಿನ ಮಿಡಿತಗಳನ್ನು ಕಳುಹಿಸುವುದಾಗಿ ತಯಾರಕರು ಹೇಳುತ್ತಾರೆ. ಈ ಮಿಡಿತಗಳ ಮಹಿಮೆಯ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಮಿಡಿತವಿರಲಿ ಇಲ್ಲದಿರಲಿ, ಕಡಿಮೆ ಪ್ರವಾಹದಲ್ಲಿ ದೀರ್ಘಕಾಲ ಚಾರ್ಜು ಮಾಡುವುದೇ ನಿಜವಾದ ಚಿಕಿತ್ಸೆ ಎಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ

ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಬ್ಯಾಟರಿಯ ನಾಡಿಯೆಂದರೆ ಅದರ ವೋಲ್ಟೇಜು. ನಾಲ್ಕೈದು ನೂರು ರೂಪಾಯಿಯ ಮಲ್ಟಿಮೀಟರು ಇದಕ್ಕೆ ಸಾಕು. ವಾಹನವನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಅಳೆಯಬೇಕು. ೧೨.೬ ಅಥವಾ ಹೆಚ್ಚಿದ್ದರೆ ಹೊಟ್ಟೆ ತುಂಬಿದೆಯೆಂದು ತಿಳಿಯಬಹುದು. ೧೨.೪ ಎಂದರೆ ಸುಮಾರು ಮುಕ್ಕಾಲು, ೧೨.೨ ಎಂದರೆ ಅರ್ಧ, ೧೨ ಎಂದರೆ ಕಾಲು ಮಾತ್ರ ಉಳಿದಿದೆ. ೧೨.೪ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಹಾಗೆಯೇ ಬಿಡತಕ್ಕುದಲ್ಲ.

ಎಷ್ಟು ಚಾರ್ಜು ಮಾಡಿದರೂ ವೋಲ್ಟೇಜು ಹತ್ತೂವರೆಯ ಸುತ್ತಮುತ್ತಲೇ ನಿಂತರೆ ಆರರಲ್ಲಿ ಒಂದು ಕೋಶವು ಸತ್ತಿದೆಯೆಂದು ಅರ್ಥ. ಲೆಕ್ಕವು ಸರಳ: ಐದು ಕೋಶಗಳು, ಒಂದೊಂದಕ್ಕೆ ೨.೧. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಪ್ರತಿ ಕೋಶದ ದ್ರವದ ಸಾಂದ್ರತೆಯನ್ನೂ ನೋಡಬಹುದು. ಪೂರ್ಣ ಚಾರ್ಜಿನಲ್ಲಿ ತಯಾರಕರ ಸೂಚನೆಗೆ ಅನುಸಾರವಾಗಿ ಅದು ೧.೨೪ರಿಂದ ೧.೨೮ರವರೆಗೆ ಇರುತ್ತದೆ. ಐದು ಕೋಶಗಳು ಒಂದೇ ಸಮವಾಗಿದ್ದು ಒಂದು ಮಾತ್ರ ೦.೦೫ರಷ್ಟು ಅಥವಾ ಹೆಚ್ಚಾಗಿ ಹಿಂದುಳಿದಿದ್ದರೆ ಅದು ಕೆಟ್ಟ ಕೋಶ. ಎಲ್ಲ ಆರೂ ಸಮವಾಗಿ ತಗ್ಗಿದ್ದರೆ ಅದು ಹಸಿವು, ಆಸೆಗೆ ಎಡೆಯುಂಟು. ಪೆಟ್ಟಿಗೆಯು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ನಾತ ಬರುತ್ತಿದ್ದರೆ ಅದನ್ನು ಚಾರ್ಜು ಮಾಡುವ ಗೊಡವೆಗೇ ಹೋಗಕೂಡದು.

ಚಿಕಿತ್ಸೆಯ ಕ್ರಮ

ಬ್ಯಾಟರಿಯನ್ನು ವಾಹನದಿಂದ ಬಿಡಿಸುವಾಗ ಮೊದಲು ಋಣ ತಂತಿಯನ್ನು, ಅನಂತರ ಧನ ತಂತಿಯನ್ನು ತೆಗೆಯಬೇಕು. ಮರಳಿ ಜೋಡಿಸುವಾಗ ಧನ ಮೊದಲು, ಋಣ ಕೊನೆಗೆ. ತುದಿಗಳಲ್ಲಿ ಬಿಳಿ ಅಥವಾ ಹಸಿರುಮಿಶ್ರಿತ ನೀಲಿ ಬಣ್ಣದ ಹುಡಿ ಕೂಡಿದ್ದರೆ, ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಳೆಯ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಆದರೆ ಆ ಸೋಡಾ ನೀರಿನ ಒಂದು ಹನಿಯೂ ಕೋಶದೊಳಗೆ ಹೋಗಬಾರದು. ಎಷ್ಟೋ ವೇಳೆ "ಬ್ಯಾಟರಿ ಸತ್ತಿದೆ" ಎಂದು ತಿಳಿದ ರೋಗವು ಈ ಹುಡಿಯಿಂದಲೋ ಸಡಿಲವಾದ ತಂತಿಯಿಂದಲೋ ಬಂದುದಾಗಿರುತ್ತದೆ.

ಮುಚ್ಚಳವುಳ್ಳ ಬ್ಯಾಟರಿಯಲ್ಲಿ ದ್ರವವು ಫಲಕಗಳ ಮೇಲೆ ನಿಂತಿರಬೇಕು. ಫಲಕಗಳು ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ನೀರನ್ನು ಮೊದಲು ಹಾಕಿ, ಚಾರ್ಜು ಮುಗಿದ ಮೇಲೆ ಗುರುತಿನವರೆಗೆ ತುಂಬಬೇಕು. ನಲ್ಲಿಯ ನೀರು ಸರ್ವಥಾ ಸಲ್ಲದು. ಆಮ್ಲವನ್ನೂ ಸೇರಿಸಬಾರದು, ಏಕೆಂದರೆ ಆವಿಯಾಗಿ ಹೋದದ್ದು ನೀರು, ಆಮ್ಲವಲ್ಲ.

ಚಾರ್ಜಿನ ಪ್ರವಾಹವು ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗದಷ್ಟಿದ್ದರೆ ಕ್ಷೇಮ. ೩೫ರ ಬ್ಯಾಟರಿಗೆ ಮೂರೂವರೆ ಆಂಪಿಯರು, ಸ್ಕೂಟರಿನ ೫ರ ಬ್ಯಾಟರಿಗೆ ಅರ್ಧ ಆಂಪಿಯರು. ಹಸಿದು ಬಹುಕಾಲ ಬಿದ್ದಿದ್ದ ಬ್ಯಾಟರಿಗೆ ಇದಕ್ಕಿಂತಲೂ ಕಡಿಮೆಯಿದ್ದರೆ ಮತ್ತೂ ಲೇಸು. ಉಪವಾಸವಿದ್ದವನಿಗೆ ಮೊದಲು ಗಂಜಿ ಕೊಡುತ್ತೇವಲ್ಲದೆ ಹಬ್ಬದೂಟ ಬಡಿಸುವುದಿಲ್ಲ. ಚಾರ್ಜರಿನ ಮೇಲೆ ಮಾದರಿಯನ್ನು ಆರಿಸುವ ಗುಂಡಿಯಿರುತ್ತದೆ. ನೀರು ಹಾಕುವ ಸಾಧಾರಣ ಮಾದರಿ, ಮುಚ್ಚಿದ ಏಜಿಎಂ ಮಾದರಿ, ಜೆಲ್ ಮಾದರಿ, ಇವುಗಳಿಗೆ ಬೇಕಾದ ವೋಲ್ಟೇಜು ಬೇರೆಬೇರೆ. ಹೆಚ್ಚಿನ ಸ್ಕೂಟರುಗಳಲ್ಲಿ ಈಗ ಮುಚ್ಚಿದ ಮಾದರಿಯೇ ಇರುತ್ತದೆ. ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯ ಚಾರ್ಜರನ್ನು ಎಂದಿಗೂ ಜೋಡಿಸಕೂಡದು.

ಮೊದಲು ಇಕ್ಕಳಗಳನ್ನು ಬ್ಯಾಟರಿಗೆ ಕಚ್ಚಿಸಿ, ಆಮೇಲೆ ಗೋಡೆಯ ಸ್ವಿಚ್ಚನ್ನು ಹಾಕಬೇಕು. ತೆಗೆಯುವಾಗ ಸ್ವಿಚ್ಚು ಮೊದಲು. ಅರ್ಧ ಬರಿದಾದ ಬ್ಯಾಟರಿಯು ಒಂದು ರಾತ್ರಿಯಲ್ಲಿ ತುಂಬಬಹುದು. ಸಲ್ಫೇಷನ್ ಆಗಿದ್ದರೆ ಎರಡು ಮೂರು ದಿನಗಳು ಬೇಕಾದಾವು. ಕೆಲವು ಚಾರ್ಜರುಗಳಲ್ಲಿರುವ ಪುನಶ್ಚೇತನದ ಹಂತವು ವೋಲ್ಟೇಜನ್ನು ಹದಿನೈದೂವರೆಯ ಮೇಲಕ್ಕೆ ಏರಿಸುತ್ತದೆ. ಅದನ್ನು ನೀರು ಹಾಕುವ ಮಾದರಿಗೆ ಮಾತ್ರ, ಅದೂ ವಾಹನದಿಂದ ಬಿಡಿಸಿದ ಮೇಲೆ ಮಾತ್ರ ಉಪಯೋಗಿಸತಕ್ಕದ್ದು. ಇಲ್ಲವಾದರೆ ವಾಹನದ ಸೂಕ್ಷ್ಮ ವಿದ್ಯುತ್ ಭಾಗಗಳು ಕೆಡುವ ಭಯವಿದೆ.

ತೀರ ಬರಿದಾದ ಬ್ಯಾಟರಿಯನ್ನು ಜಾಣ ಚಾರ್ಜರು ಗುರುತಿಸಲಾರದೆ ಕೆಂಪು ದೀಪ ತೋರಿಸಿ ಸುಮ್ಮನಾಗುವುದುಂಟು. ಇದು ಯಂತ್ರದ ದೋಷವಲ್ಲ, ಅದರ ಜಾಗರೂಕತೆ. ಅಂತಹ ಬ್ಯಾಟರಿಯನ್ನು ಚಾರ್ಜು ಮಾಡುವ ಅಂಗಡಿಗೆ ಕೊಟ್ಟು, ಕಡಿಮೆ ಪ್ರವಾಹದಲ್ಲಿ ಕೆಲವು ಗಂಟೆ ಎಬ್ಬಿಸಿಕೊಂಡು ಬರುವುದು ಯೋಗ್ಯ. ಬೇರೆ ಬ್ಯಾಟರಿಯೊಡನೆ ತಂತಿ ಜೋಡಿಸಿ ಚಾರ್ಜರನ್ನು ವಂಚಿಸುವ ಉಪಾಯವೊಂದುಂಟು. ಅನುಭವವಿಲ್ಲದವರು ಅದಕ್ಕೆ ಕೈಹಾಕಬಾರದು.

ಚಾರ್ಜು ಮುಗಿದೊಡನೆ ಹಿಗ್ಗುವುದು ಬೇಡ. ಬ್ಯಾಟರಿಯನ್ನು ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆಯಬೇಕು. ೧೨.೬ ಉಳಿದಿದ್ದರೆ ಒಳ್ಳೆಯ ಲಕ್ಷಣ. ಬಳಿಕ ವಾಹನವನ್ನು ಚಾಲೂ ಮಾಡುವ ಕ್ಷಣದಲ್ಲಿ ಮತ್ತೊಬ್ಬರು ಮೀಟರು ನೋಡಬೇಕು. ಮುಳ್ಳು ೯.೬ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯು ಹೆಸರಿಗೆ ಮಾತ್ರ ತುಂಬಿದೆ, ಮೈಯಲ್ಲಿ ಬಲವಿಲ್ಲ. ಅದರ ಮೇಲೆ ಇನ್ನಷ್ಟು ದಿನಗಳನ್ನು ಕಳೆಯುವುದು ವ್ಯರ್ಥ.

ಪವಾಡದ ಪುಡಿಗಳು ಮತ್ತು ನಿಜವಾದ ಅಪಾಯಗಳು

ಬ್ಯಾಟರಿಗೆ ಎಪ್ಸಮ್ ಲವಣ ಹಾಕಿರಿ, ಇಂತಹ ಟಾನಿಕ್ಕು ಸುರಿಯಿರಿ ಎಂಬ ಸಲಹೆಗಳು ಬಾಯಿಂದ ಬಾಯಿಗೆ ಹರಡುತ್ತಿವೆ. ಸವೆದ ಜಾಲರಿಯನ್ನು ಯಾವ ಲವಣವೂ ಕೂಡಿಸಲಾರದು. ಹಳೆಯ ಆಮ್ಲವನ್ನು ಚೆಲ್ಲಿ ಹೊಸ ಆಮ್ಲ ತುಂಬುವುದೂ ಚಿಕಿತ್ಸೆಯಲ್ಲ. ಸಲ್ಫೇಟಾಗಿ ಫಲಕದಲ್ಲಿ ಕುಳಿತಿರುವ ಆಮ್ಲವು ಚಾರ್ಜಿನಿಂದ ತಾನೇ ಮರಳಬೇಕು. ಚೆಲ್ಲಿದ ಆಮ್ಲವು ಮೋರಿಗೂ ಮಣ್ಣಿಗೂ ವಿಷವಾಗುವುದು ಮಾತ್ರ ನಿಶ್ಚಯ.

ಚಾರ್ಜಿನ ಕೊನೆಯ ಹಂತದಲ್ಲಿ ಬ್ಯಾಟರಿಯಿಂದ ಜಲಜನಕವೂ ಆಮ್ಲಜನಕವೂ ಹೊರಬರುತ್ತವೆ. ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟು ಜಲಜನಕ ಸೇರಿದರೆ ಒಂದು ಕಿಡಿಯಿಂದ ಅದು ಸ್ಫೋಟಿಸಬಲ್ಲದು. ಆದುದರಿಂದ ಹೊಟೇಲಿನ ಅಡುಗೆಮನೆಯಲ್ಲಿಯಾಗಲಿ, ಗ್ಯಾಸು ಸಿಲಿಂಡರಿನ ಬಳಿಯಲ್ಲಾಗಲಿ, ಹತ್ತು ಜನ ಮಲಗುವ ಕಿಟಕಿಯಿಲ್ಲದ ಕೋಣೆಯಲ್ಲಾಗಲಿ ಬ್ಯಾಟರಿಯನ್ನು ಚಾರ್ಜಿಗೆ ಇಡಕೂಡದು. ಗಾಳಿಯಾಡುವ ವರಾಂಡವೇ ಅದಕ್ಕೆ ತಕ್ಕ ಸ್ಥಳ. ಪಕ್ಕದಲ್ಲಿ ಬೀಡಿ ಹಚ್ಚುವುದು ಪ್ರಾಣಕ್ಕೆ ಎರವಾದೀತು. ಕೈಯಲ್ಲಿನ ಉಂಗುರ, ಕಡಗಗಳನ್ನು ತೆಗೆದಿಡಬೇಕು. ಆಮ್ಲವು ಚರ್ಮಕ್ಕೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದರೆ ಕಾಲು ಗಂಟೆಯಾದರೂ ಎಡೆಬಿಡದೆ ನೀರು ಬಿಟ್ಟುಕೊಂಡು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡುಗೆ ಸೋಡಾ ಉದುರಿಸಿದರೆ ಅದು ಶಾಂತವಾಗುತ್ತದೆ.

ಊರಿಗೆ ಹೊರಡುವ ಮುನ್ನ

ಮೇ ತಿಂಗಳ ರಜೆಗೋ, ಮನೆದೇವರ ಪೂಜೆಗೋ, ತಂಗಿಯ ಮದುವೆಗೋ ನಮ್ಮವರು ಊರಿಗೆ ಹೋದರೆ ತಿಂಗಳು ಕಳೆಯುವುದು ಸಾಮಾನ್ಯ. ಹೊರಡುವ ಮುನ್ನ ಮನೆಯ ಗ್ಯಾಸು, ನಲ್ಲಿ, ಕಿಟಕಿಗಳನ್ನು ನೋಡಿಕೊಳ್ಳುವಂತೆ ಬ್ಯಾಟರಿಯನ್ನೂ ನೋಡಿಕೊಳ್ಳಬೇಕು. ಪೂರ್ತಿ ಚಾರ್ಜು ಮಾಡಿ ಋಣ ತಂತಿಯನ್ನು ಕಳಚಿಟ್ಟು ಹೋದರೆ, ಹಿಂತಿರುಗಿ ಬಂದಾಗ ವಾಹನವು ನಿರಾಶೆಗೊಳಿಸುವ ಸಂಭವ ಬಹಳ ಕಡಿಮೆ. ಕಾರಿನ ಎಚ್ಚರಿಕೆಯ ಗಂಟೆಯು ಆ ಅವಧಿಯಲ್ಲಿ ಕೆಲಸ ಮಾಡುವುದಿಲ್ಲವೆಂಬುದು ಮಾತ್ರ ತಿಳಿದಿರಲಿ. ಸ್ಕೂಟರಿನ ಬ್ಯಾಟರಿಯನ್ನಂತೂ ಬಿಚ್ಚಿ ಕೈಯಲ್ಲಿ ಹಿಡಿದು ಕೋಣೆಗೆ ಒಯ್ಯಬಹುದು. ವಾಹನ ನಿಲ್ಲುವ ಸ್ಥಳದಲ್ಲಿ ವಿದ್ಯುತ್ತಿನ ಅನುಕೂಲವಿದ್ದರೆ ಸೊಸೈಟಿಯ ಅನುಮತಿ ಪಡೆದೇ ಉಪಯೋಗಿಸತಕ್ಕದ್ದು; ಮೆಟ್ಟಿಲ ದೀಪದ ತಂತಿಯಿಂದ ಎಳೆದುಕೊಳ್ಳುವುದು ಕಳವೂ ಹೌದು, ಅಪಾಯವೂ ಹೌದು.

ಪ್ರತಿದಿನ ಓಡುವ ವಾಹನಕ್ಕೂ ತಿಂಗಳಿಗೊಮ್ಮೆ ಒಂದು ರಾತ್ರಿಯ ಪೂರ್ಣ ಚಾರ್ಜು ಕೊಡುವ ವ್ರತವನ್ನು ಇಟ್ಟುಕೊಂಡರೆ ಹರಳುಗಳು ಗಟ್ಟಿಯಾಗುವ ಅವಕಾಶವೇ ಇರುವುದಿಲ್ಲ. ಜಾಣ ಚಾರ್ಜರಿನ ನಿಜವಾದ ಉಪಯೋಗವು ಇಲ್ಲಿದೆ. ಬಿದ್ದ ಬ್ಯಾಟರಿಯನ್ನು ಎಬ್ಬಿಸುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದರಲ್ಲಿ ಅದು ಹೆಚ್ಚು ಸಮರ್ಥ.

ಹಣದ ಲೆಕ್ಕ

ಈಗ ನಮ್ಮ ಜನಕ್ಕೆ ಮುಖ್ಯವಾದ ಲೆಕ್ಕಕ್ಕೆ ಬರೋಣ. ೩೫ ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಪೂರ್ತಿ ಬರಿದಾದ ಸ್ಥಿತಿಯಿಂದ ತುಂಬಿದರೂ ತಗಲುವ ವಿದ್ಯುತ್ತು ಒಂದು ಯೂನಿಟ್ಟಿಗಿಂತ ಕಡಿಮೆ. ಆದುದರಿಂದ ಆ ಖರ್ಚು ಗಣನೆಗೆ ಬಾರದು. ಚಾರ್ಜರಿನ ಬೆಲೆಯೇ ವಿಚಾರಣೀಯ. ಎರಡೂವರೆ ಸಾವಿರ ರೂಪಾಯಿಯ ಚಾರ್ಜರು ಮತ್ತು ನಾಲ್ಕೂವರೆ ಸಾವಿರದ ಬ್ಯಾಟರಿಯೆಂದು ಉದಾಹರಣೆಗೆ ಹಿಡಿಯೋಣ. ಬ್ಯಾಟರಿಯು ಮೂರು ವರ್ಷ ಬಾಳಿದರೆ ವರ್ಷಕ್ಕೆ ೧,೫೦೦ ರೂಪಾಯಿ ಬಿತ್ತು. ಒಳ್ಳೆಯ ಆರೈಕೆಯಿಂದ ನಾಲ್ಕು ವರ್ಷ ಬಾಳಿತೆಂದರೆ ವರ್ಷಕ್ಕೆ ೧,೧೨೫. ಉಳಿತಾಯ ೩೭೫ ರೂಪಾಯಿ. ಈ ಲೆಕ್ಕದಂತೆ ಒಂದೇ ವಾಹನವುಳ್ಳವನು ಚಾರ್ಜರಿಗೆ ಹಾಕಿದ ಹಣವನ್ನು ಮರಳಿ ಪಡೆಯಲು ಆರು ವರ್ಷಕ್ಕೂ ಹೆಚ್ಚು ಕಾಯಬೇಕು. ಅವನಿಗೆ ಇದು ಲಾಭದ ವ್ಯಾಪಾರವಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಆದರೆ ಒಂದು ವಾಹನಕ್ಕೆ ತಿಂಗಳಲ್ಲಿ ಚಾರ್ಜರು ಬೇಕಾಗುವುದು ಒಂದೇ ರಾತ್ರಿ. ಮಿಕ್ಕ ಇಪ್ಪತ್ತೊಂಬತ್ತು ರಾತ್ರಿ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಅಂತಹ ಆರು ವಾಹನಗಳವರು ಕೂಡಿ ಒಂದನ್ನು ಕೊಂಡರೆ ವರ್ಷದ ಉಳಿತಾಯ ೨,೨೫೦. ಒಂದು ವರ್ಷ ಕಳೆದ ಸ್ವಲ್ಪ ಸಮಯದಲ್ಲಿಯೇ ಹಣ ಮರಳುತ್ತದೆ. ಒಬ್ಬೊಬ್ಬರ ಪಾಲು ನಾನೂರ ಚಿಲ್ಲರೆ ರೂಪಾಯಿ ಮಾತ್ರ. ಸ್ಕೂಟರಿನ ಬ್ಯಾಟರಿಯು ಅಗ್ಗವಾದುದರಿಂದ ಉಳಿತಾಯವೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಅಲ್ಲಿ ಪಾಲುದಾರರು ಹತ್ತು ಹನ್ನೆರಡು ಜನರಿರಬೇಕು. ಕೂಡಿ ಕೊಳ್ಳುವಾಗ ಪ್ರವಾಹವನ್ನು ಹೆಚ್ಚುಕಡಿಮೆ ಮಾಡಬಹುದಾದ, ಸ್ಕೂಟರಿಗೂ ಕಾರಿಗೂ ಸಲ್ಲುವ ಚಾರ್ಜರನ್ನು ಆರಿಸಬೇಕು.

ಆಯುಷ್ಯ ತೀರಿದ ಬ್ಯಾಟರಿ

ಎಷ್ಟು ಆರೈಕೆ ಮಾಡಿದರೂ ಒಂದು ದಿನ ಬ್ಯಾಟರಿಯ ಆಯುಷ್ಯ ಮುಗಿಯುತ್ತದೆ. ಆಗಲೂ ನಮ್ಮ ಹೊಣೆ ಮುಗಿಯದು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಸೀಸ. ಅದಕ್ಕೆ ಬೆಲೆಯಿದೆ, ಆದುದರಿಂದಲೇ ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟು ಒಯ್ಯುತ್ತಾನೆ. ಎಲ್ಲಿಯೋ ಒಂದು ಗಲ್ಲಿಯಲ್ಲಿ ಅದನ್ನು ಒಡೆದು, ಬಯಲಿನಲ್ಲಿ ಬೆಂಕಿ ಹಾಕಿ ಸೀಸವನ್ನು ಕರಗಿಸುತ್ತಾರೆ. ಆ ಹೊಗೆಯೂ ಧೂಳೂ ನೆರೆಯ ಮಕ್ಕಳ ರಕ್ತವನ್ನು ಸೇರುತ್ತವೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸವು ಕಳವಳಕಾರಿ ಪ್ರಮಾಣದಲ್ಲಿದೆ. ಅಂತಹ ಮಕ್ಕಳ ಸಂಖ್ಯೆಯು ಎಂಬತ್ತು ಕೋಟಿಯವರೆಗೆ ಇರಬಹುದು. ಸೀಸದ ಬ್ಯಾಟರಿಗಳನ್ನು ಹೀಗೆ ಅಕ್ರಮವಾಗಿ ಕರಗಿಸುವುದು ಇದರ ಮುಖ್ಯ ಕಾರಣಗಳಲ್ಲೊಂದೆಂದು ಆ ವರದಿಯು ಹೇಳುತ್ತದೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುತ್ತದೆ, ಹೋದದ್ದು ಮರಳಿ ಬರುವುದಿಲ್ಲ.

ನಮ್ಮ ದೇಶದಲ್ಲಿ ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ಉಪಯೋಗಿಸಿದವರು ಅದನ್ನು ಬೇರೆ ಕಸದೊಡನೆ ಸೇರಿಸದೆ ತಕ್ಕ ಸ್ಥಳಕ್ಕೆ ಒಪ್ಪಿಸಬೇಕೆಂದೂ ವಿಧಿಸಿವೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಸೋಡಿಯೂ ದೊರೆಯುತ್ತದೆ. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಟ್ಟರೂ ಆ ಹಣವು ಯಾರ ಮಕ್ಕಳಿಂದ ಬಂತೆಂಬುದನ್ನು ಒಮ್ಮೆ ಯೋಚಿಸಿದರೆ ಕೈ ತಾನಾಗಿ ಹಿಂದೆ ಸರಿದೀತು.

ಸಂಘಗಳಿಗೆ ಒಂದು ಸೂಚನೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ರಾತ್ರಿ ಶಾಲೆಗಳನ್ನೂ ವಾಚನಾಲಯಗಳನ್ನೂ ಕೂಡಿ ಕಟ್ಟಿಕೊಂಡವರು. ಒಬ್ಬನಿಗೆ ಎಟುಕದ್ದನ್ನು ಹತ್ತು ಜನ ಕೂಡಿ ತರುವ ರೂಢಿಯು ನಮಗೆ ಹೊಸತಲ್ಲ. ಪ್ರತಿಯೊಂದು ಹೊಟೇಲಿನ ಕಾರ್ಮಿಕರ ಕೋಣೆಯಲ್ಲಿ, ಪ್ರತಿಯೊಂದು ಬಡಾವಣೆಯ ಕನ್ನಡ ಸಂಘದಲ್ಲಿ ಒಂದು ಜಾಣ ಚಾರ್ಜರು, ಒಂದು ಮಲ್ಟಿಮೀಟರು, ಒಂದು ಹೈಡ್ರೋಮೀಟರು ಇರಲಿ. ಅವುಗಳ ಉಸ್ತುವಾರಿಗೆ ಬಲ್ಲವನೊಬ್ಬನನ್ನು ನೇಮಿಸಿ, ಯಾವ ರಾತ್ರಿ ಯಾರ ಸರದಿಯೆಂಬುದನ್ನು ಪುಸ್ತಕದಲ್ಲಿ ಬರೆದಿಡಲಿ; ಪ್ರತಿ ಬ್ಯಾಟರಿಯ ವೋಲ್ಟೇಜನ್ನೂ ಅದರಲ್ಲಿಯೇ ನಮೂದಿಸಲಿ. ಆರು ತಿಂಗಳಲ್ಲಿ ಆ ಪುಸ್ತಕವೇ ಯಾವ ಬ್ಯಾಟರಿಯು ಚೇತರಿಸುತ್ತಿದೆ, ಯಾವುದು ಇಳಿಯುತ್ತಿದೆ ಎಂಬುದನ್ನು ತಿಳಿಸುತ್ತದೆ. ಆಗ ಅಂಗಡಿಯವನ ಮಾತನ್ನಾಗಲಿ ಗೆಳೆಯನ ಮಾತನ್ನಾಗಲಿ ಕುರುಡಾಗಿ ನಂಬುವ ಅವಶ್ಯಕತೆ ಉಳಿಯುವುದಿಲ್ಲ. ಮಳೆಗಾಲವು ಆರಂಭವಾಗುವ ಮೊದಲೇ ಈ ಏರ್ಪಾಟನ್ನು ಮಾಡಿಕೊಳ್ಳುವುದು ಒಳ್ಳೆಯದೆಂದು ವಾಚಕರಲ್ಲಿ ನಮ್ಮ ವಿನಂತಿ.